ಮೊಬೈಲಿನಲ್ಲಿ ಉಳಿದ ಕರೆನ್ಸಿ

ಮುಂಗಡ ಹಣ ಕಟ್ಟಿ ಬಳಸುವ ಮೊಬೈಲ್ ಸಂಪರ್ಕಕ್ಕೆ ಪ್ರೀಪೇಯ್ಡ್ ಎಂದೂ, ಅದರ ಖಾತೆಯಲ್ಲಿರುವ ಹಣಕ್ಕೆ ಕರ್ನಾಟಕದ ಹಳ್ಳಿ ಪೇಟೆಗಳಲ್ಲೆಲ್ಲ ಕರೆನ್ಸಿ ಎಂದೂ ಹೆಸರು. ಕರೆನ್ಸಿ ಹಾಕಿಸುವುದು, ಕರೆನ್ಸಿ ಖಾಲಿಯಾಗುವುದು ಇವು ಎರಡು ದಶಕಗಳಿಂದ ಮನೆಮಾತಾಗಿವೆ. ಖಾಲಿಯಾಗದೆ ಉಳಿದುಹೋದ ಕರೆನ್ಸಿಯ ಗತಿಯೇನು ಎಂಬ ವಿಚಾರ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಜೇಬಿನಲ್ಲಿರುವ ಹತ್ತು ರೂಪಾಯಿಯ ನೋಟು ವರ್ಷ ಕಳೆದರೂ ಹತ್ತು ರೂಪಾಯಿಯಾಗಿಯೇ ಇರುತ್ತದೆ, ಆದರೆ ಮೊಬೈಲ್ ಖಾತೆಗೆ ಸೇರಿದ ಹತ್ತು ರೂಪಾಯಿಗೆ ಮೊತ್ತದ ಜೊತೆಗೆ ಒಂದಲ್ಲ ಒಂದು ಬಗೆಯಲ್ಲಿ ತಾರೀಖೂ ಅಂಟಿಕೊಂಡಿರುತ್ತದೆ. ಆ ತಾರೀಖಿನವರೆಗಿನ ಅವಧಿಯೇ ವ್ಯಾಲಿಡಿಟಿ. ಗ್ರಾಹಕನು ಒಂದೇ ಬೆಲೆಗೆ ಮಾತನ್ನೂ ದಿನಗಳನ್ನೂ ಕೊಂಡಿರುತ್ತಾನೆ. ದಿನ ಮೊದಲು ಮುಗಿದು ಮಾತು ಉಳಿದರೆ ನಷ್ಟ ಅವನದೇ. ಮಿತವಾಗಿ ಬಳಸಿ ಆಪತ್ತಿಗಿರಲೆಂದು ಒಂದಿಷ್ಟು ಉಳಿಸಿಕೊಳ್ಳುವುದು ಬಡ ಮತ್ತು ಮಧ್ಯಮ ವರ್ಗದ ಸಂಸಾರಗಳ ಹಳೆಯ ನಡವಳಿಕೆ. ಅದೇ ನಡವಳಿಕೆಗೆ ಇಲ್ಲಿ ದಂಡ ಬೀಳುತ್ತದೆ ಎಂಬುದರಿಂದ ಈ ಸಣ್ಣ ಮೊತ್ತದ ವಿಷಯವನ್ನು ದೊಡ್ಡದೆಂದೇ ಭಾವಿಸಿ ನೋಡಬೇಕಾಗಿದೆ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರ ಸಚಿವ ಸುಖರಾಮ್ ಅವರ ನಡುವೆ. ಆ ಕಾಲದಲ್ಲಿ ಕರೆ ಮಾಡುವವನಷ್ಟೇ ಅಲ್ಲದೆ ಕರೆ ಸ್ವೀಕರಿಸುವವನೂ ಹಣ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆಗಳು ಉಚಿತವಾದ ಮೇಲೆ ಮೊಬೈಲು ಜನಸಾಮಾನ್ಯರ ಕೈಗೆ ಬಂತು, ಅದರ ಜೊತೆಗೆ ಪ್ರೀಪೇಯ್ಡ್ ಪದ್ಧತಿಯೂ ಹರಡಿತು. ತಿಂಗಳ ಕೊನೆಗೆ ಬರುವ ಬಿಲ್ಲಿನ ಭಯವಿಲ್ಲದೆ, ಕೈಯಲ್ಲಿ ಹಣವಿದ್ದಾಗ ಹಾಕಿಸಿ ಇಲ್ಲದಾಗ ಸುಮ್ಮನಿರಬಹುದಾದ ಈ ವ್ಯವಸ್ಥೆ ದಿನಗೂಲಿಯವರಿಗೂ ವಿದ್ಯಾರ್ಥಿಗಳಿಗೂ ನಿಜವಾಗಿ ಉಪಕಾರ ಮಾಡಿತೆಂಬುದನ್ನು ಒಪ್ಪಲೇಬೇಕು.

ಆಗಿನ ರೀಚಾರ್ಜ್ ಎಂದರೆ ಸ್ಕ್ರ್ಯಾಚ್ ಕಾರ್ಡು. ಅಂಗೈಗಿಂತ ಚಿಕ್ಕದಾದ ಕಾಗದದ ತುಂಡು, ಅದರ ಹಿಂಬದಿಯಲ್ಲಿ ಬೆಳ್ಳಿ ಬಣ್ಣದ ಪದರ, ಆ ಪದರವನ್ನು ಎಂಟಾಣೆಯ ಅಂಚಿನಿಂದ ಕೆರೆದರೆ ಒಳಗೊಂದು ಉದ್ದನೆಯ ಸಂಖ್ಯೆ. ಜೋರಾಗಿ ಕೆರೆದರೆ ಅಂಕಿಯೊಂದು ಅಳಿಸಿಹೋಗುವ ಭಯವಿದ್ದುದರಿಂದ ಅಂಗಡಿಯವನೇ ಕೆರೆದುಕೊಡುತ್ತಿದ್ದ. ಒಬ್ಬರು ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿದರೆ ಇನ್ನೊಬ್ಬರು ಒತ್ತುತ್ತಿದ್ದರು. ಮರುಕ್ಷಣ ಬರುವ ಸಂದೇಶದಲ್ಲಿ ಮೊತ್ತ ಮತ್ತು ಕೊನೆಯ ತಾರೀಖು ಎರಡೂ ಇರುತ್ತಿದ್ದವು, ಆದರೆ ಇಂಗ್ಲಿಷಿನಲ್ಲಿದ್ದ ಆ ಸಂದೇಶದಿಂದ ಹಲವರು ಮೊತ್ತವನ್ನಷ್ಟೇ ಓದಿಕೊಳ್ಳುತ್ತಿದ್ದರು. ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2012ರಲ್ಲಿ ಹೊರಡಿಸಿದ ಗ್ರಾಹಕ ರಕ್ಷಣಾ ನಿಯಮಗಳು ಈ ಗೊಂದಲವನ್ನು ಕಡಿಮೆ ಮಾಡಲೆಂದೇ ವೋಚರುಗಳಿಗೆ ಬಣ್ಣ ಗೊತ್ತುಮಾಡಿದವು. ಯೋಜನೆಗೆ ಸೇರಿಸಿಕೊಳ್ಳುವ ಪ್ಲಾನ್ ವೋಚರಿಗೆ ಕೆಂಪು ಪಟ್ಟಿ, ಖಾತೆಗೆ ಬರಿಯ ಹಣ ಸೇರಿಸುವ ಟಾಪ್ ಅಪ್‌ಗೆ ಹಸಿರು ಪಟ್ಟಿ, ನಿಗದಿತ ದಿನಗಳವರೆಗೆ ಕರೆಯ ದರ ಇಳಿಸುವ ವಿಶೇಷ ವೋಚರಿಗೆ ಹಳದಿ ಪಟ್ಟಿ. ಜನ ಈ ಕೊನೆಯದನ್ನು ರೇಟ್ ಕಟ್ಟರ್ ಎಂದು ಕರೆಯುತ್ತಿದ್ದರು. ಅಕ್ಷರ ಬಾರದವರಿಗೂ ಹಸಿರು ಮತ್ತು ಹಳದಿಯ ಭೇದ ತಿಳಿಯುತ್ತದೆಂಬ ಈ ಯೋಚನೆಯಲ್ಲಿ ಗ್ರಾಹಕನ ಮೇಲೆ ನಿಜವಾದ ಕಾಳಜಿ ಕಾಣುತ್ತದೆ.

ಖಾತೆಗೆ ಸೇರುವ ಹಣ ಕೊಟ್ಟ ಹಣಕ್ಕಿಂತ ಸಾಮಾನ್ಯವಾಗಿ ಕಡಿಮೆ ಎಂಬುದನ್ನೂ ಇಲ್ಲಿಯೇ ಗಮನಿಸಬೇಕು. ಹತ್ತು ರೂಪಾಯಿಯ ಟಾಪ್ ಅಪ್ ಹಾಕಿಸಿದರೆ ಸಿಗುವ ಟಾಕ್‌ಟೈಮ್ 7 ರೂಪಾಯಿ 47 ಪೈಸೆ. ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆಯನ್ನು ಕಳೆದರೆ ಉಳಿಯುವುದು 8 ರೂಪಾಯಿ 47 ಪೈಸೆ; ಅದರಿಂದ ಒಂದು ರೂಪಾಯಿ ಕಂಪನಿಯ ಸಂಸ್ಕರಣಾ ಶುಲ್ಕಕ್ಕೆ ಹೋಗುತ್ತದೆ. ಮುಖಬೆಲೆಯ ಶೇಕಡಾ 10 ಅಥವಾ ಮೂರು ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಿ ಈ ಶುಲ್ಕವನ್ನು ವಸೂಲು ಮಾಡುವಂತಿಲ್ಲವೆಂದು ನಿಯಮವಿರುವುದರಿಂದಲೇ ನೂರು ರೂಪಾಯಿಗೆ 81 ರೂಪಾಯಿ 75 ಪೈಸೆ ದೊರೆಯುತ್ತದೆ. ಸೆಕೆಂಡಿಗೆ ಎರಡೂವರೆ ಪೈಸೆಯ ದರವಿದ್ದರೆ ಹತ್ತು ರೂಪಾಯಿಯಿಂದ ಐದು ನಿಮಿಷದ ಮಾತಿಗೂ ಒಂದೆರಡು ಸೆಕೆಂಡು ಕಡಿಮೆ ಬೀಳುತ್ತದೆ. ಇಷ್ಟೆಲ್ಲ ಕಳೆದು ಉಳಿದದ್ದರಲ್ಲಿ ಬಳಸದೆ ಬಿಟ್ಟ ಭಾಗ ಅವಧಿ ಮುಗಿದು ಹೋದಾಗ ಅದರೊಂದಿಗೆ ಕಟ್ಟಿದ ತೆರಿಗೆಯೂ ಹಿಂತಿರುಗುವುದಿಲ್ಲ. ಆಡದ ಮಾತಿಗೂ ಸರ್ಕಾರಕ್ಕೆ ತೆರಿಗೆ ಸಂದಾಯವಾಗಿರುತ್ತದೆ.

ಟಾಕ್‌ಟೈಮಿನ ಕಾಲದಲ್ಲಿ ಕರೆನ್ಸಿ ಉಳಿಸುವ ಕಲೆ ಮತ್ತು ಅದನ್ನು ಮುಗಿಸುವ ಕಲೆ ಎರಡೂ ಜನಜೀವನದಲ್ಲಿ ಬೇರೂರಿದ್ದವು. ಉಳಿಸುವ ಕಲೆಯ ಮುಖ್ಯ ಸಾಧನ ಮಿಸ್ಡ್ ಕಾಲ್. ಎರಡು ಸಲ ರಿಂಗಾಗಿ ನಿಂತರೆ ಬಸ್ಸು ಇಳಿದಾಯಿತೆಂದೂ, ಒಂದೇ ಸಲ ರಿಂಗಾದರೆ ತಿರುಗಿ ಫೋನು ಮಾಡಬೇಕೆಂದೂ ಮನೆಮನೆಗೆ ಒಂದೊಂದು ಸಂಕೇತವಿತ್ತು, ಮತ್ತು ಇದಕ್ಕೆ ಖಾತೆಯಿಂದ ಒಂದು ಪೈಸೆಯೂ ಕಡಿತವಾಗುತ್ತಿರಲಿಲ್ಲ. ದುಬೈ, ಮಸ್ಕತ್ತುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಗಂಡಸರ ಮನೆಗಳಲ್ಲಿ ಇಂಥ ಮಿಸ್ಡ್ ಕಾಲಿಗಾಗಿ ಕಾಯುವುದು ವಾರದ ದಿನಚರಿಯ ಭಾಗವೇ ಆಗಿತ್ತು. ಹೀಗೆ ಪೈಸೆ ಪೈಸೆ ಉಳಿಸಿ, ರಾತ್ರಿವೇಳೆ ಮಗುವಿಗೆ ಜ್ವರ ಬಂದರೆ ಆಟೋದವನನ್ನೋ ಡಾಕ್ಟರನ್ನೋ ಕರೆಯಲು ಬೇಕಾದಷ್ಟು ಮೀಸಲನ್ನು ಗೃಹಿಣಿಯರು ಇಟ್ಟುಕೊಳ್ಳುತ್ತಿದ್ದರು. ಅಕ್ಕಿ ಡಬ್ಬದ ತಳದಲ್ಲಿ ಇಟ್ಟ ನೋಟಿನಂತೆ ಆ ಮೀಸಲು ಮನಸ್ಸಿಗೆ ಒಂದು ಧೈರ್ಯ.

ಮುಗಿಸುವ ಕಲೆ ಕಾಣಿಸಿಕೊಳ್ಳುತ್ತಿದ್ದದ್ದು ವ್ಯಾಲಿಡಿಟಿಯ ಕೊನೆಯ ಒಂದೆರಡು ದಿನಗಳಲ್ಲಿ. ಸ್ಟಾರ್, ಮೂರಂಕಿ, ಹ್ಯಾಶ್ ಒತ್ತಿ ಬಾಕಿ ತಿಳಿಯುವ ಕ್ರಮಕ್ಕೆ ತಾಂತ್ರಿಕ ಭಾಷೆಯಲ್ಲಿ ಯುಎಸ್‌ಎಸ್‌ಡಿ ಎನ್ನುತ್ತಾರೆ. ಇಂಟರ್ನೆಟ್ಟಿಲ್ಲದ ಕೀಪ್ಯಾಡ್ ಸೆಟ್ಟಿನಲ್ಲೂ ಅದು ಕೆಲಸ ಮಾಡುತ್ತದೆ. ತೆರೆಯ ಮೇಲೆ ಹದಿನೆಂಟೋ ಇಪ್ಪತ್ಮೂರೋ ರೂಪಾಯಿ, ಅದರ ಕೆಳಗೆ ನಾಳೆಯ ತಾರೀಖು ಮೂಡಿದ ಕೂಡಲೇ ಮನೆಯಲ್ಲಿ ಯಾರಿಗೆ ಮಾತಾಡೋಣ ಎಂಬ ಪ್ರಶ್ನೆ ಏಳುತ್ತಿತ್ತು. ಮಲೆನಾಡಿನ ಮನೆಗಳಲ್ಲಾದರೆ ಸಿಗ್ನಲ್ ಸಿಗುವ ಕಿಟಕಿಯ ಹತ್ತಿರವೋ ಅಂಗಳದಾಚೆಯ ದಿಣ್ಣೆಯ ಮೇಲೋ ಒಬ್ಬರ ಹಿಂದೊಬ್ಬರು ನಿಲ್ಲುತ್ತಿದ್ದರು. ಆಗ ಹೋಗುತ್ತಿದ್ದ ಕರೆಗಳು ಅಗತ್ಯದ ಕರೆಗಳಲ್ಲ. ಅಗತ್ಯವಿದ್ದವರಿಗೆ ತಿಂಗಳ ನಡುವೆಯೇ ಫೋನು ಹೋಗಿರುತ್ತಿತ್ತು. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಬಂದಮೇಲೆ ಮಾತೇ ಆಡಿಸದ ಅತ್ತೆ, ಕಾಲು ಮುರಿದುಕೊಂಡು ಮಲಗಿದ್ದಾರೆಂದು ಯಾರಿಂದಲೋ ಕೇಳಿದ್ದ ದೊಡ್ಡಪ್ಪ, ಮದುವೆಯಾಗಿ ದೂರ ಹೋದ ಗೆಳತಿ, ಇಂಥವರು ಆ ದಿನ ನೆನಪಾಗುತ್ತಿದ್ದರು. “ಕರೆನ್ಸಿ ನಾಳೆಗೆ ಮುಗಿಯುತ್ತೆ ಕಣೇ, ಅದಕ್ಕೇ ಮಾಡಿದೆ” ಎಂದು ಹೇಳಿಕೊಂಡರೆ ಕೇಳಿದವರು ಬೇಸರಪಡುತ್ತಿರಲಿಲ್ಲ, ಏಕೆಂದರೆ ಅವರ ಮನೆಯ ಪದ್ಧತಿಯೂ ಅದೇ ಆಗಿತ್ತು. ಹಾಳಾಗಿ ಹೋಗುವ ಹಣವನ್ನು ಸಂಬಂಧಕ್ಕೆ ತೊಡಗಿಸಿದ ಈ ಅಭ್ಯಾಸ ಯಾವ ಕಂಪನಿಯ ಯೋಜನೆಯಲ್ಲೂ ಇರಲಿಲ್ಲ. ಜನರೇ ಕಂಡುಕೊಂಡ ಸದುಪಯೋಗವದು.

ಉಳಿದದ್ದನ್ನು ದಾಟಿಸುವ ದಾರಿಯೂ ಕೆಲವು ಕಂಪನಿಗಳಲ್ಲಿತ್ತು. ಒಂದು ಸಣ್ಣ ಶುಲ್ಕ ಮುರಿದುಕೊಂಡು ಒಬ್ಬರ ಖಾತೆಯಿಂದ ಅದೇ ಕಂಪನಿಯ ಇನ್ನೊಬ್ಬರ ಖಾತೆಗೆ ಬ್ಯಾಲೆನ್ಸ್ ಕಳಿಸುವ ಸೌಲಭ್ಯವನ್ನು ಹಾಸ್ಟೆಲಿನ ಹುಡುಗರು ಚೆನ್ನಾಗಿ ಬಳಸಿಕೊಂಡರು. ಆಫ್ರಿಕಾದ ಹಲವು ದೇಶಗಳಲ್ಲಿ ಇದೇ ರೂಢಿ ಎಷ್ಟು ಬೆಳೆಯಿತೆಂದರೆ ಜನರು ಫೋನಿನ ಕರೆನ್ಸಿಯನ್ನೇ ನಾಣ್ಯದಂತೆ ಊರಿಂದೂರಿಗೆ ಕಳಿಸತೊಡಗಿದರು. ಕೀನ್ಯಾದಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣ ವ್ಯವಸ್ಥೆಗೆ ಈ ರೂಢಿಯೂ ಒಂದು ಹಿನ್ನೆಲೆ.

ದಿನಾಂಕದ ಈ ಬಾಧೆಯಿಂದ ಬಿಡಿಸುವ ಭರವಸೆಯೊಂದು 2005ರ ಕೊನೆಯಲ್ಲಿ ಲೈಫ್‌ಟೈಮ್ ಎಂಬ ಹೆಸರಿನಲ್ಲಿ ಬಂತು. ಒಂದು ಸಾವಿರದ ಆಸುಪಾಸಿನ ಮೊತ್ತವನ್ನು ಒಮ್ಮೆ ಕಟ್ಟಿದರೆ ಜೀವಮಾನವಿಡೀ ಒಳಬರುವ ಕರೆ ಸಿಗುತ್ತದೆಂದು ಪ್ರಚಾರವಾಯಿತು. ಆ ಜೀವಮಾನ ಗ್ರಾಹಕನದಲ್ಲ, ಕಂಪನಿಯ ಪರವಾನಗಿಯದು ಎಂಬ ವಿವರಣೆ ಜನರಿಗೆ ತಿಳಿದದ್ದು ನಿಧಾನವಾಗಿ. ಅದಕ್ಕಿಂತ ಹೆಚ್ಚು ಗಟ್ಟಿಯಾದ ರಕ್ಷಣೆ ದೊರೆತದ್ದು 2013ರಲ್ಲಿ, ಟ್ರಾಯ್ ತನ್ನ ನಿಯಮಗಳಿಗೆ ತಂದ ತಿದ್ದುಪಡಿಯಿಂದ. ಅದರ ಪ್ರಕಾರ ಪ್ರೀಪೇಯ್ಡ್ ಸಂಖ್ಯೆಯನ್ನು ಬಳಸಲಿಲ್ಲವೆಂಬ ಕಾರಣಕ್ಕೆ 90 ದಿನಗಳಿಗಿಂತ ಮೊದಲು ರದ್ದು ಮಾಡುವಂತಿಲ್ಲ. ಆ 90 ದಿನ ಕಳೆದಾಗಲೂ ಖಾತೆಯಲ್ಲಿ 20 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಉಳಿದಿದ್ದರೆ ಆ 20 ರೂಪಾಯಿಯನ್ನು ಮುರಿದುಕೊಂಡು ಸಂಖ್ಯೆಯನ್ನು ಇನ್ನೂ 30 ದಿನ ಉಳಿಸಿಕೊಡಬೇಕು, ಹಣವಿರುವಷ್ಟು ಕಾಲ ಹೀಗೆಯೇ ಮುಂದುವರಿಸಬೇಕು, ರದ್ದಾದ ಮೇಲೂ 15 ದಿನಗಳ ಒಳಗೆ ಬಂದು ಕೇಳಿದವನಿಗೆ ಅದೇ ಸಂಖ್ಯೆಯನ್ನು ಮರಳಿ ಕೊಡಬೇಕು. ಉಳಿಕೆ ಕರೆನ್ಸಿಯ ವಿಚಾರದಲ್ಲಿ ರೂಪುಗೊಂಡ ನಿಯಮಗಳಲ್ಲೆಲ್ಲ ಇದು ಅತ್ಯಂತ ಮಾನವೀಯವಾದದ್ದು. ಗ್ರಾಹಕ ಉಳಿಸಿದ ಹಣವೇ ಅವನ ಸಂಖ್ಯೆಯನ್ನು ಕಾಯುತ್ತದೆ. ಉಳಿತಾಯಕ್ಕೆ ದಂಡದ ಬದಲು ಇಲ್ಲಿ ಪ್ರತಿಫಲ ಸಿಗುತ್ತದೆ. ಬ್ಯಾಂಕಿನ ಒಟಿಪಿ ಬರಬೇಕೆಂಬ ಒಂದೇ ಕಾರಣಕ್ಕೆ ಊರಿನ ಸಿಮ್ಮನ್ನು ಹಳೆಯ ಸೆಟ್ಟಿನಲ್ಲಿ ಇಟ್ಟುಕೊಂಡಿರುವ ಅನಿವಾಸಿ ಕನ್ನಡಿಗರಿಗೆ ಈ ನಿಯಮದ ಬೆಲೆ ಗೊತ್ತಿದೆ. ಆದರೆ ಸಂಖ್ಯೆ ಉಳಿಯುವುದು ಬೇರೆ, ಸೇವೆ ಸಿಗುವುದು ಬೇರೆ ಎಂಬುದನ್ನು ಅವರೂ ಎಚ್ಚರದಿಂದ ನೆನಪಿಡಬೇಕು.

ಈ ಎಚ್ಚರದ ಅಗತ್ಯ ಎದ್ದು ಕಂಡದ್ದು 2018ರ ಕೊನೆಯಲ್ಲಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾದ ಮೇಲೆ ಮಾತಿಗೆ ಸೆಕೆಂಡಿನ ಲೆಕ್ಕ ಹೋಗಿ ದಿನದ ಲೆಕ್ಕ ಬಂತು. ಅನ್‌ಲಿಮಿಟೆಡ್ ಪ್ಯಾಕಿನಲ್ಲಿ ಎಷ್ಟು ಮಾತಾಡಿದರೂ ಒಂದೇ ಬೆಲೆ. ಒಳಬರುವ ಕರೆಗಷ್ಟೇ ಫೋನು ಇಟ್ಟುಕೊಂಡವರಿಂದ ಆದಾಯ ಸಾಲದೆಂದು ಹಳೆಯ ಕಂಪನಿಗಳು 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿಯ ರೀಚಾರ್ಜನ್ನು ಅನಿವಾರ್ಯಗೊಳಿಸಿದವು. ಆಗ ಖಾತೆಯಲ್ಲಿ ನೂರು ರೂಪಾಯಿ ಇದ್ದವರಿಗೂ ಪ್ಯಾಕ್ ಹಾಕಿಸದಿದ್ದರೆ ಸೇವೆ ನಿಲ್ಲುತ್ತದೆಂಬ ಸಂದೇಶ ಬಂದು ದೂರುಗಳು ಎದ್ದವು. ಆ ವರ್ಷದ ನವೆಂಬರಿನಲ್ಲಿ ಟ್ರಾಯ್ ಮಧ್ಯೆ ಬಂದು, ಪ್ಯಾಕಿನ ಅವಧಿ ಯಾವಾಗ ಮುಗಿಯುತ್ತದೆ, ಖಾತೆಯಲ್ಲಿರುವ ಹಣದಿಂದಲೇ ಕನಿಷ್ಠ ಪ್ಯಾಕನ್ನು ಕೊಳ್ಳುವುದು ಹೇಗೆ ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕಂಪನಿಗಳಿಗೆ ಸೂಚಿಸಿತು. ಅಂದು 35 ರೂಪಾಯಿಯಿದ್ದ ಕನಿಷ್ಠ ವೆಚ್ಚ ಮೆಟ್ಟಿಲು ಮೆಟ್ಟಿಲಾಗಿ ಏರಿ, 2024ರ ಜುಲೈನ ದರ ಏರಿಕೆಯ ನಂತರ ಏರ್‌ಟೆಲ್‌ನ 28 ದಿನಗಳ ಅನ್‌ಲಿಮಿಟೆಡ್ ಪ್ಯಾಕಿನ ಬೆಲೆ 199 ರೂಪಾಯಿಗೆ ಬಂದು ನಿಂತಿತು.

ಇದರಿಂದ ಒಂದು ಹೊಸ ಬಗೆಯ ಉಳಿಕೆ ಹುಟ್ಟಿತು. ಇಂದಿನ ಟಾಪ್ ಅಪ್ ಹಣಕ್ಕೆ ಸಾಮಾನ್ಯವಾಗಿ ಕೊನೆಯ ತಾರೀಖು ಇರುವುದಿಲ್ಲ, ಆದರೆ ಅದನ್ನು ಬಳಸಲು ಬೇಕಾದ ಪ್ಯಾಕಿಗೆ ತಾರೀಖು ಇರುತ್ತದೆ. ಊರಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಸೆಟ್ಟಿನಲ್ಲಿ 81 ರೂಪಾಯಿ ತೋರಿಸುತ್ತಿದ್ದರೂ ಪ್ಯಾಕ್ ಮುಗಿದಿದ್ದರೆ ಬೆಂಗಳೂರಿನ ಮಗನಿಗೆ ಫೋನು ಹೋಗುವುದಿಲ್ಲ. ಹಣ ಇದೆಯಲ್ಲ, ಮತ್ತೆ ಯಾಕೆ ಹೋಗುತ್ತಿಲ್ಲ ಎಂದು ಆಕೆ ಪಕ್ಕದ ಮನೆಯ ಹುಡುಗನನ್ನು ಕೇಳಿದರೆ ಅವನು ಕೊಡಬಹುದಾದ ಉತ್ತರ ಆಕೆಗೆ ಅರ್ಥವಾಗುವಂಥದಲ್ಲ, ಅರ್ಥವಾದರೂ ನ್ಯಾಯವೆನಿಸುವಂಥದಲ್ಲ. ಇಂಥ ಹಣವನ್ನು ಬಿಡಿಸಿಕೊಳ್ಳುವ ದಾರಿ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ, ಖಾತೆಯ ಹಣದಿಂದ ಯಾವ ಪ್ಯಾಕ್ ಸಿಗುತ್ತದೆಂದು ಕಸ್ಟಮರ್ ಕೇರ್‌ಗೆ ಫೋನು ಮಾಡಿ, ಕನ್ನಡವನ್ನೇ ಆಯ್ದುಕೊಂಡು, ಪ್ಯಾಕ್ ಮುಗಿಯುವ ಮೊದಲೇ ಕೇಳುವುದು ಒಳ್ಳೆಯದು. ಕೇಳದೆ ಶುರುವಾದ ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿಗಳಂಥ ಸೇವೆಗಳು ಈ ಉಳಿಕೆಯನ್ನು ತಿಂದುಹಾಕುವುದೂ ಉಂಟು. ಅವುಗಳನ್ನು ನಿಲ್ಲಿಸಲು 155223 ಎಂಬ ಶುಲ್ಕವಿಲ್ಲದ ಸಂಖ್ಯೆಯಿದೆ. ಖಾತೆಯಿಂದ ಹಣ ಹೇಗೆ ಹೋಯಿತೆಂದು ತಿಳಿಯಬೇಕಾದವರು 2012ರ ನಿಯಮಗಳಂತೆ ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರಪಟ್ಟಿಯನ್ನು 50 ರೂಪಾಯಿ ಮೀರದ ಶುಲ್ಕಕ್ಕೆ ಪಡೆಯಬಹುದು.

28 ದಿನದ ಲೆಕ್ಕವೂ ಹೀಗೆಯೇ ಸಣ್ಣಗೆ ಕಚ್ಚುತ್ತದೆ. ಸಂಬಳ ಬರುವುದು ತಿಂಗಳಿಗೊಮ್ಮೆ, ಪ್ಯಾಕ್ ಮುಗಿಯುವುದು ನಾಲ್ಕು ವಾರಕ್ಕೊಮ್ಮೆ. ಆದ್ದರಿಂದ ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ರೀಚಾರ್ಜು ಬೇಕಾಗುತ್ತದೆ. ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನೂ, ಪ್ರತಿ ತಿಂಗಳ ಅದೇ ತಾರೀಖಿಗೆ ನವೀಕರಣಗೊಳ್ಳುವ ಒಂದು ಪ್ಯಾಕನ್ನೂ ಕೊಡಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ವಿಧಿಸಿತು. 2024ರ ಡಿಸೆಂಬರಿನ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಇಂಟರ್ನೆಟ್ ಬೇಡದವರಿಗಾಗಿ ಬರಿಯ ಮಾತು ಮತ್ತು ಎಸ್‌ಎಂಎಸ್‌ನ ವೋಚರನ್ನು ಕಡ್ಡಾಯಗೊಳಿಸಿತು ಮತ್ತು ವಿಶೇಷ ವೋಚರುಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿತು. ಕೀಪ್ಯಾಡ್ ಸೆಟ್ಟಿನ ಅಜ್ಜಿಗೆ ತಾನು ಎಂದೂ ಬಳಸದ ಡೇಟಾದ ಬೆಲೆಯನ್ನು ಕಟ್ಟುವ ಹೊರೆ ಇದರಿಂದ ಕಡಿಮೆಯಾಗಬೇಕು, ಆದರೆ ಈ ಪ್ಯಾಕುಗಳ ಹೆಸರು ಅಂಗಡಿಯ ದರಪಟ್ಟಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕಾದದ್ದೂ ಅಷ್ಟೇ ಮುಖ್ಯ. ಡೇಟಾದ ಮಟ್ಟಿಗೆ ಹೇಳುವುದಾದರೆ ದಿನಕ್ಕೆ ಒಂದೂವರೆ ಜಿಬಿ ಎಂಬ ಕೋಟಾ ನಡುರಾತ್ರಿ ಹನ್ನೆರಡಕ್ಕೆ ಅಳಿದು ಮತ್ತೆ ಹುಟ್ಟುತ್ತದೆ. ಉಳಿದದ್ದನ್ನು ವಾರಾಂತ್ಯಕ್ಕೆ ಕೂಡಿಡುವ ಏರ್ಪಾಟನ್ನು ವಿ ಕಂಪನಿ 2020ರಲ್ಲಿ ತಂದಿತು. ದಕ್ಷಿಣ ಆಫ್ರಿಕಾದಲ್ಲಿ ಜನರ ಒತ್ತಾಯದ ನಂತರ 2019ರಿಂದ ಉಳಿದ ಡೇಟಾವನ್ನು ಮುಂದಕ್ಕೆ ಒಯ್ಯುವ ಮತ್ತು ಇನ್ನೊಬ್ಬರಿಗೆ ದಾಟಿಸುವ ಅವಕಾಶ ನಿಯಮವಾಗಿಯೇ ಬಂದಿದೆ.

ಹಾಗಾದರೆ ಉಳಿದ ಕರೆನ್ಸಿ ಯಾರದು? ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಗ್ರಾಹಕ ಮುಂಗಡ ಕಟ್ಟಿದ ಹಣ ಕಂಪನಿಯ ಆದಾಯವಲ್ಲ, ಸೇವೆ ಕೊಡುವವರೆಗೆ ಅದೊಂದು ಹೊಣೆ. ಸೇವೆ ಕೊಟ್ಟಾಗಲೋ ಅವಧಿ ಮುಗಿದಾಗಲೋ ಅದು ಆದಾಯದ ಕಡೆಗೆ ಸರಿಯುತ್ತದೆ. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರ ಬಂದಾಗ ಅದನ್ನು ಮರಳಿ ಪಡೆಯಬಹುದು. ಮೊಬೈಲ್ ವ್ಯಾಲೆಟ್ಟುಗಳಿಗೆ ಕನಿಷ್ಠ ಒಂದು ವರ್ಷದ ಅವಧಿ ಇರಬೇಕು, ಅವಧಿ ಮುಗಿಯುವ ಮುನ್ನ ಎಚ್ಚರಿಸಬೇಕು ಎಂದು ಅದೇ ರಿಸರ್ವ್ ಬ್ಯಾಂಕ್ ಹೇಳಿದೆ. ಟಾಕ್‌ಟೈಮ್ ಮಾತ್ರ ಹಣವೆಂದು ಪರಿಗಣಿತವಾಗದೆ ಸೇವೆಯ ಮುಂಗಡವೆಂದು ಪರಿಗಣಿತವಾಗಿ ಈ ರಕ್ಷಣೆಯ ಹೊರಗೆ ಉಳಿದಿದೆ. ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು: ದೂರವಾಣಿ ಸಂಖ್ಯೆಗಳು ಮಿತವಾದ ಸಂಪತ್ತು, ಬಳಸದ ಸಂಖ್ಯೆಯನ್ನು ಜಾಲದಲ್ಲಿ ಜೀವಂತವಾಗಿಡಲು ವೆಚ್ಚವಿದೆ. ಆದ್ದರಿಂದ ಸಂಖ್ಯೆಯನ್ನು ಹಿಂಪಡೆಯುವುದು ಸರಿ. ಅದರೊಳಗಿದ್ದ ಹಣವನ್ನೂ ಹಿಂಪಡೆಯುವುದಕ್ಕೆ ಆ ವಾದ ಸಾಲದು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಯಲ್ಲಿ ತನ್ನ ಧ್ವನಿ ಸೇವೆಯನ್ನು ನಿಲ್ಲಿಸಿದಾಗ ಪ್ರೀಪೇಯ್ಡ್ ಗ್ರಾಹಕರ ಬಳಸದ ಹಣವನ್ನು ಹಿಂತಿರುಗಿಸಬೇಕೆಂದು ಟ್ರಾಯ್ ಮರುವರ್ಷ ಆದೇಶಿಸಿತ್ತು. ಕಂಪನಿ ಬಾಗಿಲು ಹಾಕಿದಾಗ ಗ್ರಾಹಕನದೆಂದು ಒಪ್ಪಿದ ಹಣ ಗ್ರಾಹಕ ತಾನೇ ಹೊರಟಾಗ ಬೇರೆಯವರದಾಗುವುದಕ್ಕೆ ತಕ್ಕ ಕಾರಣ ಕಾಣುವುದಿಲ್ಲ.

ಗ್ರಾಹಕ ಹೊರಡುವ ಸಂದರ್ಭ ಸಾಮಾನ್ಯವಾಗಿ ಬರುವುದು ಪೋರ್ಟ್ ಮಾಡುವಾಗ, ಅಂದರೆ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವಾಗ; 2011ರ ಜನವರಿ 20ರಿಂದ ದೇಶವಿಡೀ ಜಾರಿಗೆ ಬಂದ ಈ ಸೌಲಭ್ಯದಲ್ಲಿ ಹಳೆಯ ಖಾತೆಯ ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ. 1900ಕ್ಕೆ ಸಂದೇಶ ಕಳಿಸಿ ಪಡೆಯುವ ಪೋರ್ಟಿಂಗ್ ಕೋಡ್ ಕರ್ನಾಟಕದಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ, ಅರ್ಜಿ ಕೊಟ್ಟ ಮೇಲೆ ಒಂದೇ ವಲಯದೊಳಗಾದರೆ ಬದಲಾವಣೆಗೆ ಮೂರು ಕೆಲಸದ ದಿನ ಹಿಡಿಯುತ್ತದೆ. ಅಷ್ಟು ದಿನವೂ ಹಳೆಯ ಸಿಮ್ ಕೆಲಸ ಮಾಡುತ್ತಿರುವುದರಿಂದ, ಅರ್ಜಿಗೆ ಸಹಿ ಹಾಕಿಸಿಕೊಳ್ಳುವ ಅಂಗಡಿಯವನು ಬಾಕಿ ನೋಡುವ ಕೋಡನ್ನು ತಾನೇ ಒತ್ತಿ ಮೊತ್ತವನ್ನು ಗ್ರಾಹಕನಿಗೆ ಓದಿ ಹೇಳಿದರೆ, ಆ ಹಣದಲ್ಲಿ ಮಾತಾಡಬೇಕಾದವರೊಂದಿಗೆ ಮಾತಾಡಿ ಮುಗಿಸಲು ಅವನಿಗೆ ಸಾಕಷ್ಟು ಸಮಯ ಸಿಗುತ್ತದೆ.